ಕ್ಲಚ್ ಸದ್ದು ಮಾಡಿದಾಗ: ಗೇರ್ ಬಾಕ್ಸ್ ಇಳಿಸುವ ಮೊದಲು ಮನೆಯಂಗಳದಲ್ಲೇ ಮಾಡಬೇಕಾದ ತಪಾಸಣೆ

ಮಲೆನಾಡಿನಲ್ಲಿ ಓಡುವ ಕಾರಿನ ಕ್ಲಚ್‌ಗೆ ದುಡಿಮೆ ಹೆಚ್ಚು. ಆಗುಂಬೆ ಘಾಟಿಯ ತಿರುವಿನಲ್ಲಿ ಎದುರಿನ ಬಸ್ಸಿಗೆ ದಾರಿ ಬಿಟ್ಟು ನಿಂತು, ಅದೇ ಏರಿನಲ್ಲಿ ಮತ್ತೆ ಹೊರಡಬೇಕು. ಹುಲಿಕಲ್ ಘಾಟಿಯನ್ನು ಮನೆಮಂದಿಯೆಲ್ಲ ತುಂಬಿಕೊಂಡು, ಡಿಕ್ಕಿ ಭರ್ತಿ ಸಾಮಾನಿನೊಂದಿಗೆ ಹತ್ತಬೇಕು. ತೋಟದ ಮನೆಯಾದರೆ ಅಂಗಳದಿಂದ ರಸ್ತೆಗೆ ಹೋಗುವ ಕಡಿದಾದ ಮಣ್ಣುದಾರಿಯನ್ನು ಹಿಮ್ಮುಖವಾಗಿಯೇ ಏರಬೇಕಾದ ಪರಿಸ್ಥಿತಿ ಎಷ್ಟೋ ಕಡೆ ಇದೆ. ಇದೆಲ್ಲದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ತೇವ, ಕೆಸರು. ಹೀಗಿರುವಾಗ ಕ್ಲಚ್ ಎಂದಾದರೊಮ್ಮೆ ಸದ್ದು ಮಾಡುವುದರಲ್ಲಿ ಆಶ್ಚರ್ಯವಿಲ್ಲ. ಸದ್ದು ಕೇಳಿದ ಮರುಕ್ಷಣ ‘ಕ್ಲಚ್ ಹೋಯಿತು, ಸೆಟ್ ಬದಲಿಸಿ’ ಎಂದು ತೀರ್ಪು ಕೊಡುವವರು ಸುತ್ತಮುತ್ತ ಇಷ್ಟೊಂದು ಜನ ಇರುವುದು ಮಾತ್ರ ಆಶ್ಚರ್ಯ.

ಕ್ಲಚ್ ಬದಲಿಸುವುದೆಂದರೆ ಗೇರ್ ಬಾಕ್ಸ್ ಇಳಿಸಬೇಕು. ಕೂಲಿಯ ದೊಡ್ಡ ಪಾಲು ಆ ಕೆಲಸಕ್ಕೇ ಹೋಗುತ್ತದೆ, ಒಳಗೆ ಹಾಕುವ ಭಾಗ ಸಣ್ಣದಿರಲಿ ದೊಡ್ಡದಿರಲಿ. ಆದ್ದರಿಂದ ಇಳಿಸುವ ಮೊದಲೇ ರೋಗ ಯಾವುದೆಂದು ಗೊತ್ತಿರಬೇಕು. ಅದಕ್ಕೆ ಬೇಕಾದ ಉಪಕರಣ ನಿಮ್ಮ ಎಡಗಾಲು ಮತ್ತು ಎರಡು ಕಿವಿ. ಸದ್ದು ಕಿರ್ರೆನ್ನುತ್ತದೆಯೋ ಗರಗರ ಎನ್ನುತ್ತದೆಯೋ ಎಂಬ ವರ್ಣನೆ ಒಬ್ಬರಿಂದೊಬ್ಬರಿಗೆ ಬದಲಾಗುತ್ತದೆ. ಆದರೆ ಪೆಡಲ್ ಎಲ್ಲಿದ್ದಾಗ ಸದ್ದು ಶುರುವಾಯಿತು, ಎಲ್ಲಿ ನಿಂತಿತು ಎಂಬುದು ಯಾರು ಕೂತು ನೋಡಿದರೂ ಒಂದೇ. ಈ ಬರಹದ ಪರೀಕ್ಷೆಗಳೆಲ್ಲ ನಿಂತಿರುವುದು ಅದರ ಮೇಲೆಯೇ.

ಒಳಗೆ ಏನು ನಡೆಯುತ್ತದೆ

ಎಂಜಿನ್ನಿನ ತುದಿಯಲ್ಲಿ ಭಾರವಾದ ಲೋಹದ ಚಕ್ರವಿದೆ, ಅದು ಫ್ಲೈವೀಲ್. ಅದಕ್ಕೆ ಪ್ರೆಶರ್ ಪ್ಲೇಟನ್ನು ಬೋಲ್ಟ್ ಹಾಕಿ ಬಿಗಿದಿರುತ್ತಾರೆ. ಇವೆರಡರ ನಡುವೆ ಸಿಕ್ಕಿಕೊಂಡಿರುವುದು ಕ್ಲಚ್ ಪ್ಲೇಟ್. ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಈ ಪ್ಲೇಟಿನ ನಡುವಿನ ಹಲ್ಲುಗಳಲ್ಲಿ ಕೂತಿರುತ್ತದೆ. ಪೆಡಲ್ ಬಿಟ್ಟಿರುವಾಗ ಪ್ರೆಶರ್ ಪ್ಲೇಟಿನ ಸ್ಪ್ರಿಂಗು ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಅದುಮಿ ಹಿಡಿದಿರುವುದರಿಂದ ಮೂರೂ ಒಟ್ಟಿಗೆ ತಿರುಗುತ್ತವೆ, ಇನ್‌ಪುಟ್ ಶಾಫ್ಟ್ ಕೂಡ. ಪೆಡಲ್ ಒತ್ತಿದರೆ ಕೇಬಲ್ ಅಥವಾ ಹೈಡ್ರಾಲಿಕ್ ಒತ್ತಡ ಫೋರ್ಕನ್ನು ತಳ್ಳುತ್ತದೆ, ಫೋರ್ಕು ರಿಲೀಸ್ ಬೇರಿಂಗನ್ನು ತಳ್ಳುತ್ತದೆ, ಬೇರಿಂಗು ಪ್ರೆಶರ್ ಪ್ಲೇಟಿನ ಸ್ಪ್ರಿಂಗಿನ ಬೆರಳುಗಳನ್ನು (ಬೆರಳಿನಂತೆ ಚಾಚಿದ ತುದಿಗಳನ್ನು) ಒಳಕ್ಕೆ ಒತ್ತುತ್ತದೆ. ಆಗ ಪ್ಲೇಟ್ ಬಿಡುಗಡೆಯಾಗಿ ಇನ್‌ಪುಟ್ ಶಾಫ್ಟ್ ನಿಧಾನವಾಗಿ ನಿಲ್ಲುತ್ತದೆ.

ಅಂದರೆ ಪೆಡಲ್ ಮೇಲಿದ್ದಾಗ ತಿರುಗುವ ಭಾಗಗಳೇ ಬೇರೆ, ಕೆಳಗಿದ್ದಾಗ ತಿರುಗುವ ಅಥವಾ ಭಾರ ಹೊರುವ ಭಾಗಗಳೇ ಬೇರೆ. ಇದಿಷ್ಟು ತಲೆಯಲ್ಲಿದ್ದರೆ ಮುಂದಿನ ಪರೀಕ್ಷೆಗಳನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ.

ಶುರು ಮಾಡುವ ಮುನ್ನ

ಸಮತಟ್ಟಾದ ಜಾಗ ಹುಡುಕಿ. ಮಲೆನಾಡಿನ ಅಂಗಳಗಳಲ್ಲಿ ಅದೇ ಕಷ್ಟ, ಊರಿನ ಶಾಲೆಯ ಮೈದಾನವಾದರೂ ಆದೀತು. ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳ ಹಿಂದೆ ಮತ್ತು ಮುಂದೆ ಒಳ್ಳೆಯ ಕಲ್ಲು ಇಡಿ. ಶೆಡ್ಡಿನ ಒಳಗೆ ಎಂಜಿನ್ ಓಡಿಸುತ್ತ ಕೂರಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಬಾನೆಟ್ ತೆರೆದು ನೋಡುವವರು ಪಂಚೆಯ ತುದಿ, ಶಾಲು, ಸೆರಗುಗಳನ್ನು ಎಂಜಿನ್ನಿನ ತಿರುಗುವ ಬೆಲ್ಟಿನಿಂದ ದೂರವಿಡಲಿ.

ಜೊತೆಗೊಬ್ಬರು ಇದ್ದರೆ ಕೆಲಸ ಸಲೀಸು. ನೀವು ಪೆಡಲ್ ಒತ್ತಿ ಬಿಡುತ್ತಿದ್ದರೆ ಅವರು ಎಡಗಡೆಯಿಂದ, ಬಲಗಡೆಯಿಂದ, ಕಾರಿನ ಅಡಿಯ ಕಡೆಗೆ ಬಾಗಿ ಕೇಳಲಿ. ಜಾಕ್ ಮೇಲೆ ಎತ್ತಿದ ಕಾರಿನ ಅಡಿಗೆ ಮಾತ್ರ ಯಾರೂ ನುಸುಳುವುದು ಬೇಡ. ಕೇಳುವ ಹೊತ್ತನ್ನೂ ನೋಡಿಕೊಳ್ಳಿ. ಹದಗೆಡುತ್ತಿರುವ ರಿಲೀಸ್ ಬೇರಿಂಗಿನ ಸದ್ದು ಆರಂಭದಲ್ಲಿ ಜೀರುಂಡೆಯ ಹಾಗೆ ಸಣ್ಣಗೆ, ಎಳೆಯಾಗಿ ಇರುತ್ತದೆ. ಸಂಜೆ ಕಾಡಂಚಿನಲ್ಲಿ ನಿಂತು ಅದನ್ನು ಹುಡುಕಿದರೆ ನಿಜವಾದ ಜೀರುಂಡೆಗಳೇ ಗೆಲ್ಲುತ್ತವೆ.

ಪರೀಕ್ಷೆಯನ್ನು ಎರಡು ಸಲ ಮಾಡಿ: ರಾತ್ರಿಯಿಡೀ ನಿಂತ ಕಾರಿನ ತಣ್ಣನೆಯ ಎಂಜಿನ್ನಿನಲ್ಲಿ ಒಮ್ಮೆ, ಒಂದಿಷ್ಟು ದೂರ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ. ಎರಡರ ನಡುವಿನ ವ್ಯತ್ಯಾಸವೂ ಒಂದು ಸುಳಿವು.

ಮೊದಲ ಪರೀಕ್ಷೆ: ಎಂಜಿನ್ ಆಫ್

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಆದರೆ ಅತಿ ಅಗ್ಗದ ರೋಗಗಳು ಸಿಕ್ಕುವುದು ಇಲ್ಲಿಯೇ. ಎಂಜಿನ್ ನಿಲ್ಲಿಸಿ, ಕಿಟಕಿ ಏರಿಸಿ, ಪೆಡಲನ್ನು ನಿಧಾನವಾಗಿ ತಳಕ್ಕೆ ಒತ್ತಿ, ನಿಧಾನವಾಗಿ ಬಿಡಿ.

ಕಿರ್, ಕುಂಯ್ ಎಂಬ ಕಿರುಗುಟ್ಟುವಿಕೆ ನಿಮ್ಮ ಕಾಲಿನ ಬಳಿಯಿಂದಲೇ ಬಂದರೆ ಪೆಡಲಿನ ಬುಷ್ (ಪೆಡಲ್ ತಿರುಗುವ ಕೀಲಿನ ಒಳಬಳೆ) ಒಣಗಿದೆ ಅಥವಾ ಸವೆದಿದೆ. ಪೆಡಲನ್ನು ಕೈಯಲ್ಲಿ ಹಿಡಿದು ಎಡಬಲ ಅಲ್ಲಾಡಿಸಿದರೆ ಲೊಟಲೊಟ ಎನ್ನುವುದು ಸವೆದ ಬುಷ್. ಒಣಗಿದ್ದರೆ ಸ್ವಲ್ಪ ಗ್ರೀಸ್ ಸಾಕು.

ಸದ್ದು ಬಾನೆಟ್ಟಿನ ಕೆಳಗಿನಿಂದ ಬಂದರೆ, ಕೇಬಲ್ ಇರುವ ಕಾರಾದರೆ, ಮೊದಲ ಅನುಮಾನ ಕೇಬಲ್ ಮೇಲೆ. ಒತ್ತುವಾಗ ಪೆಡಲ್ ಬಿಗಿಯಾಗಿ, ಉಜ್ಜಿದಂತೆ ಭಾಸವಾದರೆ ಒಳಗಿನ ತಂತಿಯ ಎಳೆಗಳು ಒಂದೊಂದಾಗಿ ಹರಿಯುತ್ತಿರಬಹುದು. ಅಂಥ ಕೇಬಲ್ಲಿಗೆ ಎಣ್ಣೆ ಬಿಟ್ಟು ದಿನ ದೂಡುವುದನ್ನು ನಾನು ಒಪ್ಪುವುದಿಲ್ಲ. ಅದು ಹರಿಯುವುದು ನಿಮ್ಮ ಮನೆಯ ಮುಂದೆ ಅಲ್ಲ, ಘಾಟಿಯ ಅರ್ಧದಲ್ಲಿ. ಈಗಿನ ಹಲವು ಕೇಬಲ್‌ಗಳ ಒಳಗೆ ಪ್ಲಾಸ್ಟಿಕ್ ಪದರವೂ ಇರುತ್ತದೆ, ಅವಕ್ಕೆ ಎಣ್ಣೆ ಬೇಕಿಲ್ಲ. ಗೇರ್ ಬಾಕ್ಸಿನ ಬಳಿಯಿಂದ ಕಿರ್ರೆಂದರೆ ಫೋರ್ಕು ಕೂರುವ ಜಾಗ ಒಣಗಿದೆ ಎಂದರ್ಥ.

ಇದೇ ಹೊತ್ತಿನಲ್ಲಿ ಫ್ರೀ ಪ್ಲೇ ನೋಡಿ. ಕಾಲಿನ ಬದಲು ಕೈಬೆರಳಿನಿಂದ ಪೆಡಲ್ ಒತ್ತಿ. ಮೊದಲು ಸ್ವಲ್ಪ ದೂರ ಹಗುರವಾಗಿ ಹೋಗಿ ಆಮೇಲೆ ಭಾರವಾಗಬೇಕು. ಆ ಹಗುರ ದೂರ ಎಷ್ಟಿರಬೇಕೆಂದು ಕಾರಿನ ಕೈಪಿಡಿಯಲ್ಲಿ ಇರುತ್ತದೆ. ಅದು ಸ್ವಲ್ಪವೂ ಇಲ್ಲವಾದರೆ ರಿಲೀಸ್ ಬೇರಿಂಗು ಸದಾ ಒತ್ತಡದಲ್ಲಿ ತಿರುಗುತ್ತ ಬೇಗ ಸವೆಯುತ್ತದೆ, ಪ್ಲೇಟೂ ಜಾರತೊಡಗುತ್ತದೆ. ತೀರ ಹೆಚ್ಚಿದ್ದರೆ ಕ್ಲಚ್ ಪೂರ್ತಿ ಬಿಡದೆ ಗೇರ್ ಹಾಕುವಾಗ ಗರ್ರೆನ್ನುತ್ತದೆ. ಕೇಬಲ್ ಕಾರುಗಳಲ್ಲಿ ಇದನ್ನು ನಟ್ ತಿರುಗಿಸಿ ಸರಿಪಡಿಸುವುದು ಸಣ್ಣ ಕೆಲಸ. ಕೆಲವಲ್ಲಿ ತಾನಾಗಿಯೇ ಹೊಂದಿಕೊಳ್ಳುವ ವ್ಯವಸ್ಥೆ ಇರುತ್ತದೆ.

ಎರಡನೆಯದು: ನ್ಯೂಟ್ರಲ್, ಪೆಡಲ್ ಮೇಲೆ

ಎಂಜಿನ್ ಶುರು ಮಾಡಿ, ನ್ಯೂಟ್ರಲ್‌ನಲ್ಲಿಡಿ, ಪೆಡಲಿನಿಂದ ಕಾಲು ಪೂರ್ತಿ ತೆಗೆಯಿರಿ. ಎಸಿ ಆಫ್ ಇರಲಿ. ಈಗ ಕ್ಲಚ್ ಪ್ಲೇಟು, ಇನ್‌ಪುಟ್ ಶಾಫ್ಟು, ಅದರ ಬೇರಿಂಗುಗಳು, ಗೇರ್ ಬಾಕ್ಸಿನ ಕೆಲವು ಗೇರುಗಳು ಎಲ್ಲವೂ ತಿರುಗುತ್ತಿವೆ. ಸದ್ದು ಈಗ ಇದ್ದು, ಪೆಡಲನ್ನು ತಳಕ್ಕೆ ಒತ್ತಿದ ಮೇಲೆ ಮಾಯವಾದರೆ ಅನುಮಾನ ಎರಡು ಕಡೆ ಹೋಗಬೇಕು.

ಒಂದು, ಇನ್‌ಪುಟ್ ಶಾಫ್ಟಿನ ಬೇರಿಂಗು. ಅದು ಗೇರ್ ಬಾಕ್ಸಿನ ಭಾಗ. ಕ್ಲಚ್ ಸೆಟ್ (ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು) ಬದಲಿಸಿದರೂ ಈ ಸದ್ದು ಹೋಗುವುದಿಲ್ಲ, ಹೊಸ ಕ್ಲಚ್ಚಿನೊಂದಿಗೆ ಹಳೆಯ ಸದ್ದೇ ಮನೆಗೆ ವಾಪಸಾಗುತ್ತದೆ. ಎರಡು, ಕ್ಲಚ್ ಪ್ಲೇಟಿನ ನಡುವೆ ಇರುವ ಸಣ್ಣ ಸುರುಳಿ ಸ್ಪ್ರಿಂಗುಗಳು. ಎಂಜಿನ್ನಿನ ಜರ್ಕುಗಳನ್ನು ನುಂಗುವುದು ಅವುಗಳ ಕೆಲಸ. ಸಡಿಲವಾದರೆ ಅಥವಾ ಮುರಿದರೆ ಐಡಲಿನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಗಡಗಡ, ಲೊಡಲೊಡ ಸದ್ದು.

ಇವೆರಡನ್ನು ಬೇರೆ ಮಾಡುವ ಉಪಾಯ ಸುಲಭ. ಆಕ್ಸಿಲರೇಟರನ್ನು ಬಹಳ ನಿಧಾನವಾಗಿ ಒತ್ತಿ, ಐಡಲಿಗಿಂತ ಸ್ವಲ್ಪ ಮೇಲೆ, 1500 ಆರ್‌ಪಿಎಂ ಆಸುಪಾಸಿಗೆ ತನ್ನಿ. ಸದ್ದು ವೇಗದ ಜೊತೆ ಏರುತ್ತ ಸ್ವರ ಎತ್ತರವಾದರೆ ಬೇರಿಂಗ್. ಎಂಜಿನ್ ನಯವಾದಂತೆ ಸದ್ದೂ ಕರಗಿದರೆ ಸ್ಪ್ರಿಂಗು ಅಥವಾ ಗೇರುಗಳ ಸಡಿಲ ಕುಣಿತ. ಎಸಿ ಹಾಕಿ ಎಂಜಿನ್ ಮೇಲೆ ಭಾರ ಬಿದ್ದಾಗ ಗಡಗಡ ಹೆಚ್ಚಾದರೂ ಅನುಮಾನ ಈ ಎರಡನೆಯದರ ಮೇಲೆಯೇ. ಗೇರುಗಳ ತುಸು ಗಡಗಡ ಎಷ್ಟೋ ಒಳ್ಳೆಯ ಸ್ಥಿತಿಯ ಡೀಸೆಲ್ ಕಾರುಗಳಲ್ಲೂ ಇರುತ್ತದೆ. ಕಾರು ಹೊಸದಾಗಿದ್ದಾಗಿನಿಂದ ಅದೇ ಪ್ರಮಾಣದಲ್ಲಿ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಬೇರಿಂಗಿನ ಸದ್ದು ಎನಿಸಿದರೆ ಗೇರ್ ಆಯಿಲ್ ಮಟ್ಟವನ್ನು ಮೊದಲು ನೋಡಿಸಿ. ಸೀಲಿನಿಂದ ಸೋರಿ ಎಣ್ಣೆ ಕಡಿಮೆಯಾಗಿ ಬೇರಿಂಗು ಒಣಗಿರುವ ಸಾಧ್ಯತೆ ಇದ್ದೇ ಇದೆ. ಯಾವ ದರ್ಜೆಯ ಎಣ್ಣೆ ಎಂಬುದನ್ನು ಕೈಪಿಡಿ ನೋಡಿಯೇ ನಿರ್ಧರಿಸಿ.

ಕೆಲವು ಡೀಸೆಲ್ ಕಾರುಗಳಲ್ಲಿ ಫ್ಲೈವೀಲೇ ಎರಡು ತುಂಡುಗಳದ್ದು, ನಡುವೆ ಸ್ಪ್ರಿಂಗು. ಇದಕ್ಕೆ ಡ್ಯುಯಲ್ ಮಾಸ್ ಫ್ಲೈವೀಲ್ ಎನ್ನುತ್ತಾರೆ. ಅದು ಹದಗೆಟ್ಟರೆ ಐಡಲಿನಲ್ಲಿ ಗಡಗಡ, ಎಂಜಿನ್ ಆಫ್ ಮಾಡುವ ಕ್ಷಣದಲ್ಲಿ ಧಡ್ ಎಂಬ ಪೆಟ್ಟು. ಬೆಲೆ ಕೇಳಿದಾಗ ಇನ್ನೊಂದು ಪೆಟ್ಟು. ನಿಮ್ಮ ಕಾರಿನಲ್ಲಿ ಅದು ಇದೆಯೇ ಎಂದು ತಿಳಿದುಕೊಂಡೇ ಮಾತಿಗೆ ಕೂರಿ.

ಮೂರನೆಯದು: ಕಾಲನ್ನು ಸುಮ್ಮನೆ ಇಟ್ಟು ನೋಡುವುದು

ಇಡೀ ತಪಾಸಣೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದು. ಎಂಜಿನ್ ಓಡುತ್ತಿರಲಿ, ನ್ಯೂಟ್ರಲ್ ಇರಲಿ. ಕಾಲನ್ನು ಪೆಡಲ್ ಮೇಲೆ ಇಟ್ಟು, ಫ್ರೀ ಪ್ಲೇ ಮುಗಿದು ಭಾರ ತಾಗುವಷ್ಟು ಮಾತ್ರ ಒತ್ತಿ, ಅಲ್ಲೇ ಹಿಡಿಯಿರಿ. ಪ್ಲೇಟ್ ಇನ್ನೂ ಬಿಟ್ಟಿಲ್ಲ. ಆದರೆ ರಿಲೀಸ್ ಬೇರಿಂಗು ಸ್ಪ್ರಿಂಗಿನ ಬೆರಳುಗಳಿಗೆ ತಾಗಿ ತಿರುಗಲು ಶುರು ಮಾಡಿದೆ.

ಸದ್ದು ಇಲ್ಲಿ ಹುಟ್ಟಿಕೊಂಡು, ಒತ್ತಿದಷ್ಟೂ ಹೆಚ್ಚಾದರೆ ರಿಲೀಸ್ ಬೇರಿಂಗೇ ಅಪರಾಧಿ. ಬಹುಪಾಲು ಹೊಸ ಕಾರುಗಳಲ್ಲಿ ಈ ಬೇರಿಂಗು ಯಾವಾಗಲೂ ಬೆರಳುಗಳಿಗೆ ತಾಗಿಕೊಂಡೇ ತಿರುಗುತ್ತದೆ. ಅಲ್ಲಿ ಸದ್ದು ಇದ್ದಕ್ಕಿದ್ದಂತೆ ಹುಟ್ಟುವ ಬದಲು, ಒತ್ತಿದಾಗ ಸ್ವರ ಬದಲಾಗುತ್ತದೆ.

ಇದಕ್ಕೆ ವಿರುದ್ಧವಾಗಿ, ಮೊದಲು ಕಟಕಟ ಎನ್ನುತ್ತಿದ್ದದ್ದು ಕಾಲು ತಾಗಿಸಿದ ಕೂಡಲೇ ಸುಮ್ಮನಾದರೆ ಫೋರ್ಕು ಅಥವಾ ಬೇರಿಂಗಿನ ಕ್ಲಿಪ್ ಸಡಿಲವಾಗಿ ಅದುರುತ್ತಿದೆ. ಸದ್ದು ಕಿರಿಕಿರಿ, ಅಪಾಯ ಕಡಿಮೆ. ಆ ಕಟಕಟ ನಿಲ್ಲಿಸಲೆಂದು ಕಾಲನ್ನು ಪೆಡಲ್ ಮೇಲೆ ಇಟ್ಟೇ ಓಡಿಸುವವರಿದ್ದಾರೆ. ಹಾಗೆ ಮಾಡಿದರೆ ಚೆನ್ನಾಗಿದ್ದ ಬೇರಿಂಗನ್ನೂ ನೀವೇ ಮುಗಿಸುತ್ತೀರಿ.

ನಾಲ್ಕನೆಯದು: ಪೆಡಲ್ ತಳಕ್ಕೆ

ಈಗ ಪೂರ್ತಿ ಒತ್ತಿ, ನ್ಯೂಟ್ರಲ್‌ನಲ್ಲೇ ಹಿಡಿದಿರಿ. ಸದ್ದು ತಕ್ಷಣ ಬಂತೆ, ಕೆಲವು ಸೆಕೆಂಡುಗಳ ನಂತರ ಬಂತೆ ಎಂಬುದನ್ನು ಗಮನಿಸಿ. ಆಮೇಲೆ ಪೆಡಲ್ ಬಿಡದೆ, ಬ್ರೇಕ್ ಒತ್ತಿಕೊಂಡು, ಒಂದನೇ ಗೇರ್ ಹಾಕಿ.

ನ್ಯೂಟ್ರಲ್‌ನಲ್ಲಿ ಅಷ್ಟಾಗಿ ಇಲ್ಲದ ಚೀರು ಗೇರ್ ಹಾಕಿದ ಕ್ಷಣ ಬಂದರೆ ಅದು ಪೈಲಟ್ ಬೇರಿಂಗು. ಇನ್‌ಪುಟ್ ಶಾಫ್ಟಿನ ತುದಿಯನ್ನು ಎಂಜಿನ್ ಕಡೆಯಲ್ಲಿ ಹಿಡಿದಿರುವ ಸಣ್ಣ ಬೇರಿಂಗು ಇದು. ಗೇರ್ ಹಾಕಿ ಕಾರು ನಿಂತಿರುವಾಗ ಶಾಫ್ಟು ಪೂರ್ತಿ ನಿಂತಿರುತ್ತದೆ, ಎಂಜಿನ್ ಮಾತ್ರ ತಿರುಗುತ್ತಿರುತ್ತದೆ, ಆ ವ್ಯತ್ಯಾಸವನ್ನೆಲ್ಲ ಹೊರುವುದು ಈ ಬೇರಿಂಗು. ಓಮ್ನಿ, ಬೊಲೆರೊ, ಸುಮೊ ಮೊದಲಾದ, ಹಿಂದಿನ ಚಕ್ರ ಎಳೆಯುವ ವಾಹನಗಳಲ್ಲಿ ಇದರ ಬಗ್ಗೆ ಯೋಚಿಸಿ. ಎಂಜಿನ್ ಅಡ್ಡಲಾಗಿ ಕೂತಿರುವ, ಮುಂದಿನ ಚಕ್ರ ಎಳೆಯುವ ಸಣ್ಣ ಕಾರುಗಳಲ್ಲಿ ಈ ಬೇರಿಂಗು ಸಾಮಾನ್ಯವಾಗಿ ಇರುವುದೇ ಇಲ್ಲ. ಅಂಥ ಕಾರಿಗೂ ‘ಪೈಲಟ್ ಬೇರಿಂಗ್ ಹೋಗಿದೆ’ ಎಂದು ಯಾರಾದರೂ ಹೇಳಿದರೆ ಎಲ್ಲಿದೆ ಎಂದು ವಿನಯದಿಂದಲೇ ತೋರಿಸಲು ಹೇಳಿ.

ಪೆಡಲ್ ಒತ್ತಿದಾಗ ಪಾದದಡಿ ಮಿಡಿದಂತೆ ಆಗುತ್ತಿದ್ದರೆ ಸ್ಪ್ರಿಂಗಿನ ಬೆರಳುಗಳು ಏರುಪೇರಾಗಿವೆ ಅಥವಾ ಮುರಿದಿವೆ. ಪೆಡಲ್ ಒತ್ತಿದೊಡನೆ ಎಂಜಿನ್ನಿನ ವೇಗ ಎದ್ದು ಕಾಣುವಂತೆ ಇಳಿದು, ಒಳಗಿನಿಂದ ದಪ್ಪ ಡುಬ್ ಡುಬ್ ಸದ್ದು ಬಂದರೆ ವಿಷಯ ಕ್ಲಚ್ಚನ್ನು ದಾಟಿದೆ: ಕ್ರ್ಯಾಂಕ್ ಶಾಫ್ಟ್ ಹಿಂದೆಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗು ಸವೆದಿರಬಹುದು. ಇದು ಅಪರೂಪ. ಆದರೆ ಬಂದಾಗ ಓಡಿಸುವುದನ್ನು ನಿಲ್ಲಿಸಿ.

ಗೇರ್ ಹಾಕುವಾಗ ಗರ್ರೆಂದರೆ

ಇದಕ್ಕೆ ಪ್ರತ್ಯೇಕ ಪರೀಕ್ಷೆ ಬೇಕು. ಕಾರು ನಿಂತಿರಲಿ, ಎಂಜಿನ್ ಐಡಲಿನಲ್ಲಿರಲಿ. ಪೆಡಲ್ ಪೂರ್ತಿ ಒತ್ತಿ, ಹತ್ತು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಅಷ್ಟು ಹೊತ್ತಿಗೆ ಇನ್‌ಪುಟ್ ಶಾಫ್ಟು ನಿಂತಿರಬೇಕು. ಆದರೂ ಗರ್ರೆಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ: ಹೈಡ್ರಾಲಿಕ್ಕಿನಲ್ಲಿ ಗಾಳಿ, ಕೇಬಲ್ ಸಡಿಲ, ಪ್ಲೇಟು ತುಕ್ಕಿನಿಂದ ಅಂಟಿದೆ ಅಥವಾ ಬಾಗಿದೆ. ಹತ್ತು ಎಣಿಸಿ ಹಾಕಿದಾಗ ಸದ್ದಿಲ್ಲ, ಅವಸರದಲ್ಲಿ ಹಾಕಿದಾಗ ಮಾತ್ರ ಗರ್ರ್ ಎಂದರೆ ಕ್ಲಚ್ಚಿನದ್ದೇನೂ ತಪ್ಪಿಲ್ಲ. ಹಲವು ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೊನೈಸರ್ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಭಾಗ) ಇರುವುದಿಲ್ಲ, ಮೊದಲು ಒಂದನೇ ಗೇರಿಗೆ ತಳ್ಳಿ ಆಮೇಲೆ ರಿವರ್ಸ್ ಹಾಕುವುದು ರೂಢಿ ಮಾಡಿಕೊಂಡರೆ ಸಾಕು. ಓಡುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಮಾತ್ರ, ಪ್ರತಿ ಸಲವೂ ಅದೇ ಗೇರಿನಲ್ಲಿ ಗರ್ರೆಂದರೆ ಆ ಗೇರಿನ ಸಿಂಕ್ರೊನೈಸರ್ ರಿಂಗು ಸವೆದಿದೆ.

ಹೊರಡುವಾಗ ನಡುಕ, ಏರುವಾಗ ಜಾರಿಕೆ

ಕ್ಲಚ್ ಹಿಡಿಯುವ ಹೊತ್ತಿಗೆ ಇಡೀ ಕಾರು ಗಡಗಡ ನಡುಗಿದರೆ ಪ್ಲೇಟಿನ ಮೇಲೆ ಎಣ್ಣೆ ಬಿದ್ದಿರಬಹುದು, ಫ್ಲೈವೀಲಿನ ಮೈ ಕಾದು ಅಲ್ಲಲ್ಲಿ ನೀಲಿಗಟ್ಟಿರಬಹುದು. ಆದರೆ ಎಂಜಿನ್ನನ್ನು ಕಾರಿಗೆ ಹಿಡಿದಿಡುವ ರಬ್ಬರಿನ ಎಂಜಿನ್ ಮೌಂಟಿಂಗ್ ಹರಿದಿದ್ದರೂ ಇದೇ ಅನುಭವ, ಮತ್ತು ಅದನ್ನು ಬದಲಿಸಲು ಗೇರ್ ಬಾಕ್ಸ್ ಇಳಿಸಬೇಕಾಗಿಲ್ಲ. ಬಾನೆಟ್ ತೆರೆದು, ಒಬ್ಬರು ಕೂತು ಬ್ರೇಕ್ ಒತ್ತಿ, ಒಂದನೇ ಗೇರಿನಲ್ಲಿ ಕ್ಲಚ್ ಹಿಡಿಯುವವರೆಗೆ ಬಿಟ್ಟು ಮತ್ತೆ ಒತ್ತಲಿ, ರಿವರ್ಸಿನಲ್ಲೂ ಹಾಗೆಯೇ. ನೋಡುವವರು ಪಕ್ಕದಲ್ಲಿ ನಿಲ್ಲಬೇಕು, ಕಾರಿನ ಎದುರಿಗೂ ಬೇಡ, ಹಿಂದೆಯೂ ಬೇಡ. ಎಂಜಿನ್ ಒಂದು ಕಡೆಗೆ ಜೋರಾಗಿ ಎಗರಿದರೆ ಮೌಂಟಿಂಗ್ ನೋಡಿಸಿ.

ಜಾರುವ ಕ್ಲಚ್ ಸಾಮಾನ್ಯವಾಗಿ ಸದ್ದು ಮಾಡುವುದಿಲ್ಲ. ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೂಗು ಏರುತ್ತದೆ, ಕಾರು ಏರುವುದಿಲ್ಲ, ಮೂಗಿಗೆ ಸುಟ್ಟ ವಾಸನೆ. ಪ್ಲೇಟು ಪೂರ್ತಿ ಸವೆದು ರಿವೆಟ್ಟುಗಳು ಫ್ಲೈವೀಲನ್ನು ಕೆರೆಯತೊಡಗಿದಾಗ ಮಾತ್ರ ಕರಕರ ಎಂಬ ಲೋಹದ ಸದ್ದು. ಆ ಹಂತಕ್ಕೆ ಬಿಟ್ಟರೆ ಫ್ಲೈವೀಲಿಗೂ ಖರ್ಚು.

ಮಳೆಗಾಲದ ಲೆಕ್ಕ ಬೇರೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ಮೀರಿ ಮಳೆ. ಹೊಸನಗರ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಜುಲೈನಲ್ಲಿ ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ. ಕ್ಲಚ್ಚನ್ನು ಮುಚ್ಚಿರುವ ಬೆಲ್ ಹೌಸಿಂಗಿನ ಒಳಗೆ ಮಾತ್ರ ಒಣಗಿರುತ್ತದೆಯೇ? ಕಾರು ನಾಲ್ಕೈದು ದಿನ ಓಡದೆ ನಿಂತರೆ ಫ್ಲೈವೀಲಿನ ಮೈಮೇಲೆ ತೆಳುವಾದ ತುಕ್ಕು ಕೂರುತ್ತದೆ. ಬೆಳಿಗ್ಗೆ ಮೊದಲ ಎರಡು ಮೂರು ಬಾರಿ ಕ್ಲಚ್ ಬಿಟ್ಟಾಗ ನಡುಕ, ಸಣ್ಣ ಕೀರಲು. ಊರಿನ ಗಡಿ ದಾಟುವಷ್ಟರಲ್ಲಿ ಅದು ಉಜ್ಜಿಹೋಗಿ ಸದ್ದು ನಿಲ್ಲುತ್ತದೆ. ಇದಕ್ಕೆ ಚಿಕಿತ್ಸೆಯೇ ಬೇಡ. ಜೂನ್‌ನಲ್ಲಿ ಶುರುವಾಗಿ ಅಕ್ಟೋಬರ್‌ನಲ್ಲಿ ತಾನಾಗಿ ಹೋಗುವ ನಡುಕಕ್ಕೆ ಕ್ಲಚ್ ಸೆಟ್ ಹಾಕಿಸಿದವರು ಹಣವನ್ನು ಹೊಳೆಗೆ ಹಾಕಿದಂತೆಯೇ ಸರಿ.

ಇದೇ ತುಕ್ಕು ಹೆಚ್ಚು ದಿನ ಕೂತರೆ ಪ್ಲೇಟು ಫ್ಲೈವೀಲಿಗೆ ಅಂಟಿಕೊಳ್ಳುತ್ತದೆ. ಎಂಜಿನ್ ಆಫ್ ಇದ್ದಾಗ ಗೇರು ಸಲೀಸಾಗಿ ಬೀಳುತ್ತದೆ, ಶುರು ಮಾಡಿದ ಮೇಲೆ ಬೀಳುವುದೇ ಇಲ್ಲ, ಬರೀ ಗರ್ರ್. ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಡಿ. ಅಷ್ಟಕ್ಕೆ ಬಿಡದಿದ್ದರೆ, ಎದುರಿಗೆ ಉದ್ದಕ್ಕೂ ಖಾಲಿ ಇರುವ ಸಮತಟ್ಟು ಜಾಗವಿದ್ದರೆ ಮಾತ್ರ, ಎಂಜಿನ್ ಆಫ್ ಮಾಡಿ ಎರಡನೇ ಗೇರ್ ಹಾಕಿ, ಪೆಡಲ್ ತಳಕ್ಕೆ ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಕಾರು ಹೊರಡುತ್ತದೆ. ಪೆಡಲ್ ಬಿಡದೆ ಆಕ್ಸಿಲರೇಟರನ್ನು ಒತ್ತಿ ಬಿಟ್ಟು ಮಾಡಿದರೆ ಪ್ಲೇಟು ಕಳಚಿಕೊಳ್ಳುವುದುಂಟು. ಬ್ರೇಕ್ ಮೇಲೆ ಗಮನವಿರಲಿ. ಎರಡು ಸಲಕ್ಕೆ ಆಗದಿದ್ದರೆ ಹಟ ಬೇಡ, ಮೆಕ್ಯಾನಿಕ್ಕಿಗೆ ಹೇಳಿಕಳಿಸಿ. ಮಳೆಗಾಲದಲ್ಲಿ ಎರಡು ಮೂರು ದಿನಕ್ಕೊಮ್ಮೆ ಕಾರನ್ನು ಸ್ವಲ್ಪ ದೂರವಾದರೂ ಓಡಿಸುವುದು ಇದಕ್ಕೆಲ್ಲ ಸುಲಭದ ಮದ್ದು.

ಹಳ್ಳ ಉಕ್ಕಿದ ರಸ್ತೆ ದಾಟಿದ ಮೇಲೆ ಶುರುವಾದ ಸದ್ದನ್ನು ಮಾತ್ರ ಹಗುರವಾಗಿ ನೋಡಬೇಡಿ. ಫೋರ್ಕು ಹೊರಬರುವ ಜಾಗದ ರಬ್ಬರು ಹರಿದಿದ್ದರೆ ಕೆಸರು ಒಳಹೋಗಿ ಬೇರಿಂಗಿನ ಗ್ರೀಸನ್ನು ಹಾಳುಮಾಡುತ್ತದೆ. ಆ ರಬ್ಬರಿಗೆ ಬೆಲೆ ಕಡಿಮೆ, ಮಳೆಗಾಲಕ್ಕೆ ಮೊದಲೇ ನೋಡಿಸಿ ಹಾಕಿಸಿ. ಹೈಡ್ರಾಲಿಕ್ ಕ್ಲಚ್ಚಿನಲ್ಲಿ ಇರುವುದು ಬ್ರೇಕ್ ಫ್ಲೂಯಿಡ್, ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ನಮ್ಮ ಕಡೆಯ ಹವೆಯಲ್ಲಿ ಕೈಪಿಡಿ ಹೇಳಿದ ಅವಧಿಗೆ ಅದನ್ನು ಬದಲಿಸುವುದನ್ನು ಮುಂದೂಡಬಾರದು.

ರಾತ್ರಿ ಕಾರಿನ ಅಡಿಗೆ, ಎಂಜಿನ್ನೂ ಗೇರ್ ಬಾಕ್ಸೂ ಸೇರುವ ಜಾಗದ ಕೆಳಗೆ, ಬಿಳಿ ರಟ್ಟು ಹಾಸಿಡಿ. ಅಡಿಕೆ ಹಾಳೆ ಬೇಡ, ಅದರ ಬಣ್ಣದಲ್ಲಿ ಎಣ್ಣೆಯ ಬಣ್ಣ ತಿಳಿಯುವುದಿಲ್ಲ. ಬೆಳಿಗ್ಗೆ ಕಪ್ಪು ಹನಿ ಇದ್ದರೆ ಎಂಜಿನ್ ಆಯಿಲ್, ಮೂಗಿಗೆ ಅಡರುವ ಗಂಧಕದ ಘಾಟಿದ್ದರೆ ಗೇರ್ ಆಯಿಲ್, ತಿಳಿಯಾಗಿ ಜಾರುವಂತಿದ್ದರೆ ಬ್ರೇಕ್ ಫ್ಲೂಯಿಡ್. ಮೂರರಲ್ಲಿ ಯಾವುದು ಪ್ಲೇಟಿಗೆ ತಾಗಿದರೂ ಪ್ಲೇಟು ಕೆಡುತ್ತದೆ. ಸೋರುವ ಸೀಲು ಬದಲಿಸದೆ ಪ್ಲೇಟು ಮಾತ್ರ ಬದಲಿಸಿದರೆ ಹೊಸದಕ್ಕೂ ಅದೇ ಗತಿ.

ಕ್ಲಚ್ಚಿನ ಹೆಸರು ಕೆಡಿಸುವ ಬೇರೆ ಸದ್ದುಗಳು

ಒದ್ದೆ ಬೆಳಿಗ್ಗೆ ಚೀಂ ಎಂದು ಕೂಗುವುದು ಹೆಚ್ಚಾಗಿ ಎಂಜಿನ್ನಿನ ಬೆಲ್ಟು. ಎಸಿ ಕಂಪ್ರೆಸರಿನ ಬೇರಿಂಗೂ ಗರಗರ ಎನ್ನಬಲ್ಲದು. ಇವು ಪೆಡಲಿಗೆ ಸ್ಪಂದಿಸುವುದಿಲ್ಲ, ಎಸಿ ಹಾಕಿ ತೆಗೆದಾಗ ಬದಲಾಗುತ್ತವೆ. ತಿರುವಿನಲ್ಲಿ ಮಾತ್ರ ಟಕಟಕ ಎಂದರೆ ಆಕ್ಸಲ್ ತುದಿಯ ಜಾಯಿಂಟು. ವೇಗಕ್ಕೆ ತಕ್ಕಂತೆ ಹೂಂಗುಟ್ಟುತ್ತ, ಕ್ಲಚ್ ಒತ್ತಿ ಕಾರು ತೇಲಿಸಿದಾಗಲೂ ಮುಂದುವರಿದರೆ ಚಕ್ರದ ಬೇರಿಂಗು. ಸದ್ದಿನ ದಿಕ್ಕು ತಿಳಿಯದಿದ್ದರೆ ಕಿಟಕಿ ಇಳಿಸಿ, ಕಾಂಪೌಂಡ್ ಗೋಡೆಯ ಪಕ್ಕ ನಿಧಾನವಾಗಿ ಓಡಿಸಿ. ಸದ್ದು ಗೋಡೆಗೆ ತಾಗಿ ಸ್ಪಷ್ಟವಾಗಿ ವಾಪಸು ಬರುತ್ತದೆ.

ಗ್ಯಾರೇಜಿನಲ್ಲಿ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಹೋಗಿ, ಊರಿನ ಪರಿಚಿತ ಮೆಕ್ಯಾನಿಕ್ಕಿನ ಬಳಿಗೆ ಹೋಗಿ, ‘ಅಣ್ಣ, ಏನೋ ಸದ್ದು ಬರುತ್ತದೆ’ ಎಂದಷ್ಟೇ ಹೇಳಬೇಡಿ. ‘ಎಂಜಿನ್ ಬಿಸಿಯಾದ ಮೇಲೆ, ನ್ಯೂಟ್ರಲ್‌ನಲ್ಲಿ, ಪೆಡಲ್ ಸ್ವಲ್ಪ ಒತ್ತಿದ ಕೂಡಲೇ ಸದ್ದು ಶುರುವಾಗುತ್ತದೆ, ಪೂರ್ತಿ ಒತ್ತಿದರೆ ಹೆಚ್ಚಾಗುತ್ತದೆ, ಬಿಟ್ಟರೆ ನಿಲ್ಲುತ್ತದೆ’ ಎನ್ನಿ. ಮೊಬೈಲಿನಲ್ಲಿ ಧ್ವನಿ ಮುದ್ರಿಸಿಕೊಂಡು ಹೋಗುವುದಾದರೆ ಒತ್ತುವಾಗ ‘ಒತ್ತಿದೆ’, ಬಿಡುವಾಗ ‘ಬಿಟ್ಟೆ’ ಎಂದು ನೀವೇ ಹೇಳುತ್ತ ಮುದ್ರಿಸಿ. ಇಲ್ಲದಿದ್ದರೆ ಅದು ಬರೀ ಗದ್ದಲ.

ಗೇರ್ ಬಾಕ್ಸ್ ಇಳಿಸುವುದು ಖಚಿತವಾದರೆ ಜಿಪುಣತನ ಬಿಡಿ. ಬೇರಿಂಗು ಮಾತ್ರ ಕೆಟ್ಟಿದ್ದು ಪ್ಲೇಟು ಇನ್ನೂ ಹೊಸದರಂತಿದ್ದರೆ ಬೇರೆ ಮಾತು. ಇಲ್ಲವಾದರೆ ಪ್ಲೇಟು, ಪ್ರೆಶರ್ ಪ್ಲೇಟು, ರಿಲೀಸ್ ಬೇರಿಂಗು ಮೂರನ್ನೂ ಒಟ್ಟಿಗೆ ಹಾಕಿಸಿ. ಎಂಜಿನ್ನಿನ ಹಿಂಬದಿಯ ಸೀಲು ಮತ್ತು ಇನ್‌ಪುಟ್ ಶಾಫ್ಟಿನ ಸೀಲನ್ನು ನಿಮ್ಮ ಕಣ್ಣಿನಿಂದಲೇ ನೋಡಿ. ಇನ್‌ಪುಟ್ ಶಾಫ್ಟನ್ನು ಕೈಯಲ್ಲಿ ತಿರುಗಿಸಿ ಅಲ್ಲಾಡಿಸಿ ನೋಡಲು ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. ಫ್ಲೈವೀಲಿನ ಮೈಯಲ್ಲಿ ಬಿರುಕು, ಆಳವಾದ ಗೀರು, ನೀಲಿ ಕಲೆ ಇದ್ದರೆ ಮೇಲೆ ಹೊಸ ಪ್ಲೇಟು ಕೂರಿಸುವುದು ವ್ಯರ್ಥ. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಬೇಕು, ಹೆಚ್ಚಾದರೆ ತಿರುಗುವಾಗ ಚಿಮ್ಮಿ ಪ್ಲೇಟಿಗೇ ಬೀಳುತ್ತದೆ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಹಳೆಯ ಪ್ಲೇಟುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಅದು ಶ್ವಾಸಕೋಶಕ್ಕೆ ಹೋಗಬಾರದು. ತೆಗೆದ ಹಳೆಯ ಭಾಗಗಳನ್ನು ಕೇಳಿ ನೋಡಿ.

ದುರಸ್ತಿಗೆ ಮುನ್ನ ಎಷ್ಟು ದಿನ ಓಡಿಸಬಹುದು

ಪೆಡಲ್ ಬುಷ್ ಕಿರುಗುಟ್ಟುತ್ತಿದ್ದರೆ ಎಷ್ಟು ದಿನ ಬೇಕಾದರೂ. ಸಣ್ಣಗೆ ಕೂಗುವ ರಿಲೀಸ್ ಬೇರಿಂಗಿನಲ್ಲಿ ಊರೊಳಗೆ ಕೆಲವು ದಿನ ತಳ್ಳಬಹುದು. ಸಿಗ್ನಲ್‌ನಲ್ಲಿ, ರೈಲ್ವೆ ಗೇಟಿನಲ್ಲಿ ಪೆಡಲ್ ಒತ್ತಿ ಕೂರದೆ ನ್ಯೂಟ್ರಲ್ ಮಾಡಿದರೆ ಅದರ ಆಯಸ್ಸು ಸ್ವಲ್ಪ ಉಳಿಯುತ್ತದೆ. ಅದು ಗರಗರಕ್ಕೆ ತಿರುಗಿದ ಮೇಲೆ ಘಾಟಿ ಇಳಿಯುವ, ಏರುವ ಯೋಜನೆ ಬೇಡ. ಬೇರಿಂಗು ಒಡೆದರೆ ಸ್ಪ್ರಿಂಗಿನ ಬೆರಳುಗಳನ್ನೂ ತಿನ್ನುತ್ತದೆ.

ಆದರೂ ಘಾಟಿಯಲ್ಲೇ ಕೈಕೊಟ್ಟರೆ, ಅಗಲ ಜಾಗಕ್ಕೆ ಸರಿಸಿ, ಹಜಾರ್ಡ್ ಲೈಟ್ ಹಾಕಿ, ಎಂಜಿನ್ ಆಫ್ ಮಾಡಿ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಡಿ. ಮಂಜು ಮುಸುಕಿದ್ದರೆ ಕಾರಿನೊಳಗೆ ಕೂರದೆ ರಸ್ತೆಯಂಚಿನ ಸುರಕ್ಷಿತ ಜಾಗದಲ್ಲಿ ನಿಲ್ಲಿ. ಒಂದನೇ ಗೇರಿನಲ್ಲೇ ಸ್ಟಾರ್ಟ್ ಮಾಡಿ ಕ್ಲಚ್ ಇಲ್ಲದೆ ಮನೆ ಮುಟ್ಟಿಸುವ ಚಾಕಚಕ್ಯತೆ ಖಾಲಿ ಸಮತಟ್ಟು ರಸ್ತೆಗಷ್ಟೇ ಸರಿ. ತಿರುವಿನ ಏರಿನಲ್ಲಿ ಅದನ್ನು ಪ್ರಯೋಗಿಸುವುದು ಹುಚ್ಚುತನ.

ಹೊಸ ಸೆಟ್ ಹಾಕಿದ ಮೇಲೆ ಹಣ ಕೊಡುವ ಮೊದಲು ಗ್ಯಾರೇಜಿನ ಎದುರಿಗೇ ಮೊದಲ ನಾಲ್ಕು ಪರೀಕ್ಷೆಗಳನ್ನು ಮತ್ತೊಮ್ಮೆ ಮಾಡಿ. ಮೆಕ್ಯಾನಿಕ್ಕನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಯನೂರಿನ ಕಡೆಗೆ ಒಂದಿಷ್ಟು ದೂರ ಹೋಗಿ ಬನ್ನಿ. ಆಗಲೇ ರಿಲೀಸ್ ಬೇರಿಂಗು ಕೂಗಿದರೆ ಅದು ಸರಿಯಾಗಿ ಕೂತಿಲ್ಲ, ‘ಓಡುತ್ತ ಸರಿಹೋಗುತ್ತದೆ’ ಎಂಬ ಸಮಾಧಾನಕ್ಕೆ ಒಪ್ಪಬೇಡಿ. ಮೊದಲ ಕೆಲವು ನೂರು ಕಿಲೋಮೀಟರ್ ಹೊಸ ಪ್ಲೇಟು ಮೈ ಹೊಂದಿಸಿಕೊಳ್ಳುವವರೆಗೆ ಭಾರ ತುಂಬಿ ಘಾಟಿ ಹತ್ತುವುದನ್ನು ತಪ್ಪಿಸಿ. ಕೇಬಲ್ ಕಾರಾದರೆ ಅಷ್ಟು ಓಡಿದ ಮೇಲೆ ಫ್ರೀ ಪ್ಲೇಯನ್ನು ಮತ್ತೊಮ್ಮೆ ಬೆರಳಿನಿಂದ ಒತ್ತಿ ನೋಡಿ, ಕಡಿಮೆಯಾಗಿದ್ದರೆ ಹೊಂದಿಸಿಕೊಳ್ಳಿ.